ಜಾಮೀನು ಯಾರದು? ಸ್ವೀಡನ್ನಿನ ವಿದ್ಯುತ್ತು ಮತ್ತು ಸ್ವೀಡನ್ನಿನ ಸಾಲ

(ಸ್ಟಾಕ್‌ಹೋಮಿನಲ್ಲಿ ನಡೆದ ಕನ್ನಡಿಗರ ಯುಗಾದಿ ಕೂಟದಲ್ಲಿ 30 ಮಾರ್ಚ್ 2025ರಂದು ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಹಿರಿಯರೇ, ಸ್ನೇಹಿತರೇ,

ನಿನ್ನೆ ರಾತ್ರಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋದದ್ದರಿಂದ ಈ ಸಭೆಯಲ್ಲಿರುವ ಎಲ್ಲರಿಗೂ ಒಂದು ಗಂಟೆಯ ನಿದ್ದೆ ಬಾಕಿ ಇದೆ. ಯಾರಾದರೂ ತೂಕಡಿಸಿದರೆ ನಾನು ತಪ್ಪು ತಿಳಿಯುವುದಿಲ್ಲ. ಬೇಸಿಗೆ ಸಮಯದ ಈ ಪದ್ಧತಿ ಯುರೋಪಿನಲ್ಲಿ ಹಬ್ಬಿದ್ದು 1973ರ ತೈಲ ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ. ಸ್ವೀಡನ್ ಅದನ್ನು ಒಪ್ಪಿಕೊಂಡದ್ದು 1980ರಲ್ಲಿ. ಅದೇ ವರ್ಷ ಈ ದೇಶ ಅಣುವಿದ್ಯುತ್ತಿನ ಬಗ್ಗೆ ಜನಮತವನ್ನೂ ಕೇಳಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಇಂದಿನ ಮಾತಿಗೆ ಕಾರಣ ನಿಮಗೆಲ್ಲ ಗೊತ್ತಿರುವುದೇ. ಹದಿನೆಂಟು ದಿನಗಳ ಹಿಂದೆ, ಮಾರ್ಚ್ 12ರಂದು, ಬ್ಯಾಟರಿ ತಯಾರಿಸುವ ಸ್ವೀಡನ್ನಿನ ಕಂಪನಿ ನಾರ್ಥ್‌ವೋಲ್ಟ್ ದಿವಾಳಿಯ ಅರ್ಜಿ ಹಾಕಿತು. ಸಾವಿರಾರು ಜನರ ಕೆಲಸ, ನಮ್ಮೆಲ್ಲರ ಪಿಂಚಣಿ ನಿಧಿಗಳ ಹಣ, ಅದರ ಕಾರ್ಖಾನೆ ಇರುವ ಶೆಲ್ಲೆಫ್ಟಿಯೊ ಎಂಬ ಊರಿನ ಹಲವು ವರ್ಷದ ಕನಸು ಒಂದೇ ಬೆಳಿಗ್ಗೆ ನ್ಯಾಯಾಲಯದ ಕಡತದೊಳಗೆ ಹೋದವು. ಸುದ್ದಿ ಓದಿದಾಗ ನನ್ನ ಕಣ್ಣು ಮೊದಲು ನಿಂತದ್ದು ತಾರೀಕಿನ ಮೇಲೆ. 1932ರ ಮಾರ್ಚ್ 12ರಂದೇ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಬೆಂಕಿಕಡ್ಡಿಯ ದೊರೆ ಈವಾರ್ ಕ್ರ್ಯೂಗರ್ ಗುಂಡೇಟಿನಿಂದ ಸತ್ತುಬಿದ್ದಿದ್ದ. ದೇಶದೇಶಗಳ ಸರ್ಕಾರಗಳಿಗೆ ಸಾಲ ಕೊಟ್ಟು, ಬದಲಿಗೆ ಬೆಂಕಿಪೊಟ್ಟಣದ ಏಕಸ್ವಾಮ್ಯವನ್ನು ಬರೆಸಿಕೊಂಡವನು ಆತ, ಜರ್ಮನಿಯೊಂದಕ್ಕೇ 12.5 ಕೋಟಿ ಡಾಲರ್ ಸಾಲದ ಮಾತು ಕೊಟ್ಟಿದ್ದ. ಆತ ಸತ್ತ ಮೇಲೆ ಲೆಕ್ಕದ ಪುಸ್ತಕ ತೆರೆದರೆ ಆಸ್ತಿಗಿಂತ ಆಸೆಯೇ ಹೆಚ್ಚಾಗಿ ಕಂಡಿತು, ಅವನನ್ನು ನಂಬಿದ್ದ ದೊಡ್ಡ ಬ್ಯಾಂಕಿಗೆ ಸ್ವೀಡನ್ ಸರ್ಕಾರವೇ ಹೆಗಲು ಕೊಡಬೇಕಾಯಿತು. ಇದೇ ಶೆಲ್ಲೆಫ್ಟಿಯೊ ಸೀಮೆಯ ಬೊಲಿಡೆನ್ ಗಣಿಯ ಷೇರುಗಳೂ ಅವನ ಕೈಯಲ್ಲಿದ್ದವು. ಪಂಚಾಂಗ ನೋಡಿ ಅರ್ಥಶಾಸ್ತ್ರ ಹೇಳುವುದು ನನ್ನ ಅಭ್ಯಾಸವಲ್ಲ, ಆದರೆ ಯುಗಾದಿಯ ದಿನ ಅಷ್ಟಕ್ಕೆ ಮಾಫಿ ಇರಲಿ.

ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಈ ದೇಶದ ಇಂಧನ ನೀತಿಯನ್ನು ಒಂದು ಕೋಣೆಯಲ್ಲಿ, ಆರ್ಥಿಕ ಬಿಕ್ಕಟ್ಟುಗಳನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿ ಚರ್ಚಿಸುತ್ತಾರೆ. ನನಗೆ ಅವೆರಡೂ ಒಂದೇ ಕಡತವಾಗಿ ಕಾಣುತ್ತವೆ. ಉತ್ತರದ ನದಿಗಳ ಅಣೆಕಟ್ಟಾಗಲಿ, ಫೋರ್ಸ್‌ಮಾರ್ಕಿನ ಅಣುಸ್ಥಾವರವಾಗಲಿ, ಗುಡ್ಡದ ಮೇಲಿನ ಗಾಳಿಯಂತ್ರವಾಗಲಿ, ಇವುಗಳಿಗೆ ಉರುವಲಿನ ಖರ್ಚು ಇಲ್ಲವೇ ಇಲ್ಲ ಅಥವಾ ಬಹಳ ಕಡಿಮೆ. ಖರ್ಚೆಲ್ಲ ಮೊದಲ ದಿನವೇ ಸಿಮೆಂಟಾಗಿ, ಉಕ್ಕಾಗಿ, ಬಡ್ಡಿಯಾಗಿ ಸುರಿದುಹೋಗುತ್ತದೆ. ಅದನ್ನು ಮರಳಿ ಗಳಿಸಲು ಮೂವತ್ತು ನಲವತ್ತು ವರ್ಷ ಬೇಕು. ಅಷ್ಟು ವರ್ಷದ ಅನಿಶ್ಚಿತಿಯನ್ನು ಯಾರೋ ಒಬ್ಬರು ಹೊರಲೇಬೇಕು. ಆದ್ದರಿಂದ ಮೆಗಾವ್ಯಾಟ್ ಎಷ್ಟು ಎಂದು ಕೇಳುವ ಮೊದಲು ಜಾಮೀನು ಯಾರದು ಎಂದು ಕೇಳಬೇಕು. ಇದನ್ನು ನಾನು ಹಿಂದೆಯೂ ಇಲ್ಲಿ ಹೇಳಿದ್ದೇನೆ ಎಂದು ಮುಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ಹೌದು, ಇವತ್ತೂ ನಾಲ್ಕೈದು ಸಲ ಹೇಳಲಿದ್ದೇನೆ.

ನಾನು ಉಪ್ಸಾಲಕ್ಕೆ ಬಂದಿಳಿದದ್ದು 1992ರ ಆಗಸ್ಟ್‌ನಲ್ಲಿ. ಎಪ್ಪತ್ತು ದಾಟಿದ ಒಬ್ಬ ವಿಧವೆಯ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ ಇದ್ದೆ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು ಎಂದರೂ ನನ್ನ ನಾಲಗೆ ಏಳಲಿಲ್ಲ. ಕನ್ನಡದಲ್ಲೇ 'ಅಜ್ಜಿ' ಎಂದು ಕರೆಯತೊಡಗಿದೆ. ಅದು ಇಂಡಿಯಾದ ಯಾವುದೋ ರಾಣಿಯ ಹೆಸರಿರಬೇಕು ಎಂದುಕೊಂಡು ಅವರು ಬಹಳ ದಿನ ಸಂತೋಷಪಟ್ಟರು. ಸೆಪ್ಟೆಂಬರ್ 16ರ ದಿನ ಅಡುಗೆಮನೆಯ ರೇಡಿಯೊದಲ್ಲಿ ವಾರ್ತೆ ಬರುತ್ತಿತ್ತು. ನನ್ನ ಸ್ವೀಡಿಷ್ ಆಗ ಅಂಕಿಗಳ ಮಟ್ಟಕ್ಕೆ ಮಾತ್ರ ಬಂದಿತ್ತು. ಈ ದೇಶದ ಕೇಂದ್ರ ಬ್ಯಾಂಕಾದ ರಿಕ್ಸ್‌ಬ್ಯಾಂಕಿನ ಬಡ್ಡಿ 'ಫೆಮ್‌ಹುಂದ್ರ' ಎಂದದ್ದು ಕೇಳಿಸಿತು. ಫೆಮ್ ಎಂದರೆ ಐದು, ಹುಂದ್ರ ಎಂದರೆ ನೂರು. ಬಡ್ಡಿ ಐನೂರು ಇರಲು ಸಾಧ್ಯವಿಲ್ಲ, ಐದೂ ಕಾಲೋ ಐದೂ ಮುಕ್ಕಾಲೋ ಇರಬೇಕು ಎಂದು ನನ್ನ ಭಾಷಾಜ್ಞಾನವನ್ನೇ ನಾನು ಅನುಮಾನಿಸಿದೆ. ಅಜ್ಜಿ ಕಾಗದದ ಮೇಲೆ 500 ಎಂದು ಬರೆದು, ಪಕ್ಕದಲ್ಲಿ ಶೇಕಡಾ ಗುರುತು ಹಾಕಿ, ನನ್ನ ಮುಂದೆ ಸರಿಸಿದರು.

ಅದು ಬ್ಯಾಂಕುಗಳು ರಿಕ್ಸ್‌ಬ್ಯಾಂಕಿನಿಂದ ಒಂದು ರಾತ್ರಿಯ ಮಟ್ಟಿಗೆ ಪಡೆಯುವ ಸಾಲದ ದರವೇ ಹೊರತು ಅಜ್ಜಿಯ ಮನೆ ಸಾಲದ ದರವಲ್ಲ, ಅದು ಉಳಿದದ್ದೂ ಕೆಲವೇ ದಿನ. ಆದರೂ ತನ್ನ ನಾಣ್ಯವಾದ ಕ್ರೋನಾದ ಮೌಲ್ಯವನ್ನು ಕಾಯಲು ಒಂದು ದೇಶ ಐನೂರರ ಬಡ್ಡಿಯವರೆಗೆ ಹೋದದ್ದನ್ನು ಅಡುಗೆಮನೆಯ ಮೇಜಿನ ಮೇಲೆ ಕಂಡವನಿಗೆ ಮುಂದೆ ಯಾವ ಅಂಕಿಯೂ ಆಶ್ಚರ್ಯ ಹುಟ್ಟಿಸಲಿಲ್ಲ. ನವೆಂಬರ್ 19ರಂದು ಆ ಮೌಲ್ಯವನ್ನು ಕಾಯುವುದನ್ನು ಕೈಬಿಟ್ಟದ್ದೂ ಆಯಿತು.

ಐನೂರರ ಸುದ್ದಿ ಬಂದ ಆ ಸಂಜೆ ಅಜ್ಜಿ ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ತುಕ್ಕು ಹಿಡಿದ ಎಣ್ಣೆ ತೊಟ್ಟಿ ಇತ್ತು. 1970ರ ಸುಮಾರಿಗೆ ಈ ದೇಶದ ಇಂಧನದಲ್ಲಿ ಮುಕ್ಕಾಲು ಪಾಲು ತೈಲವೇ ಆಗಿತ್ತು ಎಂಬುದನ್ನು ಆ ತೊಟ್ಟಿಯ ಗಾತ್ರವೇ ಹೇಳುತ್ತಿತ್ತು. 1974ರ ಜನವರಿಯಲ್ಲಿ ಪೆಟ್ರೋಲಿಗೆ ಪಡಿತರ ಬಂತು. ತೈಲ ಬಿಡಿ ಎಂದು ಸರ್ಕಾರ ಹೇಳಿತು. 1972ರಿಂದ 1985ರ ಒಳಗೆ ಹನ್ನೆರಡು ಅಣುಸ್ಥಾವರಗಳು ಎದ್ದವು, ವಿದ್ಯುತ್ತು ಸಮೃದ್ಧವಾಯಿತು. ಮನೆಯನ್ನು ವಿದ್ಯುತ್ತಿನಲ್ಲೇ ಬೆಚ್ಚಗಿಡಿ ಎಂದಾಯಿತು. ಅಜ್ಜಿ ಗೋಡೆಗೋಡೆಗೂ ವಿದ್ಯುತ್ ಹೀಟರ್ ಹಾಕಿಸಿದರು. ಈ ನಡುವೆ, 1980ರ ಮಾರ್ಚ್ 23ರಂದು, ಜನಮತ. ಮೂರು ಮತಚೀಟಿ, ಮೂರರಲ್ಲೂ ಅಣುವಿದ್ಯುತ್ತನ್ನು ಕೈಬಿಡುವ ಮಾತೇ! ಎರಡನೆಯ ಚೀಟಿಗೆ 39.1, ಮೂರನೆಯದಕ್ಕೆ 38.7, ಮೊದಲನೆಯದಕ್ಕೆ 18.9 ಶೇಕಡಾ. ಮೊದಲ ಎರಡು ಚೀಟಿಗಳ ಮುಂಬದಿ ಒಂದೇ; ಸ್ಥಾವರಗಳು ಸಾರ್ವಜನಿಕ ಒಡೆತನದಲ್ಲಿರಬೇಕು ಎಂಬಂಥ ಮಾತುಗಳು ಎರಡನೆಯದರ ಹಿಂಬದಿಯಲ್ಲಿದ್ದವು. ಅಜ್ಜಿ ಎರಡನೆಯದನ್ನೇ ಹಾಕಿದ್ದರಂತೆ. "ಹಿಂದೆ ತಿರುಗಿಸಿ ನೋಡಲಿಲ್ಲ" ಎಂದು ನಕ್ಕರು. ಆಮೇಲೆ ಮೂಲೆಯಲ್ಲಿದ್ದ ಹಳೆಯ ಕಟ್ಟಿಗೆ ಒಲೆ ತೋರಿಸಿ, "ಇದೊಂದರ ಬಗ್ಗೆ ಯಾವ ಮಂತ್ರಿಯೂ ನನಗೆ ಏನೂ ಹೇಳಲಿಲ್ಲ, ಅದಕ್ಕೇ ಇದು ಇನ್ನೂ ಇದೆ" ಎಂದರು.

ಈ ಕಥೆಯನ್ನು ಇಷ್ಟು ಹಿಗ್ಗಿಸಲು ಕಾರಣವಿದೆ. ತೈಲದ ಹೊಡೆತಗಳಿಂದ ಕುಗ್ಗಿದ ಕೈಗಾರಿಕೆಯನ್ನು ಎತ್ತಲು ಸರ್ಕಾರಗಳು ಕ್ರೋನಾದ ಬೆಲೆಯನ್ನು ಮತ್ತೆ ಮತ್ತೆ ಇಳಿಸಿದವು, 1982ರಲ್ಲಂತೂ ಒಮ್ಮೆಗೇ ಶೇಕಡಾ 16. 1985ರ ನವೆಂಬರ್‌ನಲ್ಲಿ ಬ್ಯಾಂಕುಗಳ ಸಾಲದ ಮಿತಿಯನ್ನು ತೆಗೆದರು. ಸಾಲ ಉಕ್ಕಿತು, ಕಟ್ಟಡಗಳ ಬೆಲೆ ಏರಿತು. ಆಮೇಲೆ ಬಂದದ್ದು 1990–91ರ ತೆರಿಗೆ ಸುಧಾರಣೆ. ನಾವೆಲ್ಲ ಹೆಮ್ಮೆಯಿಂದ ಹೊರಗಿನವರಿಗೆ ಹೇಳುವ ಇಂಗಾಲ ತೆರಿಗೆ, ಟನ್ ಇಂಗಾಲದ ಡೈಆಕ್ಸೈಡಿಗೆ 250 ಕ್ರೋನಾದಂತೆ, 1991ರಲ್ಲಿ ಹುಟ್ಟಿದ್ದು ಅದೇ ಸುಧಾರಣೆಯ ಮಡಿಲಲ್ಲಿ. ಅದೇ ಸುಧಾರಣೆ ಸಾಲದ ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿಯನ್ನು ಶೇಕಡಾ 30ಕ್ಕೆ ಇಳಿಸಿತು. ಆದ್ದರಿಂದ ಸಾಲಗಾರನ ನಿಜವಾದ ಬಡ್ಡಿ ಹೊರೆ ಏರಿತು, ಊದಿಕೊಂಡಿದ್ದ ಕಟ್ಟಡಗಳ ಬೆಲೆ ಒಡೆಯಲು ಅದೂ ಒಂದು ಕಾರಣವಾಯಿತು. ಇಂಗಾಲದ ಕಥೆ ಬರೆಯುವವರು ಒಂದರ್ಧವನ್ನು, ಬ್ಯಾಂಕುಗಳ ಕಥೆ ಬರೆಯುವವರು ಇನ್ನರ್ಧವನ್ನು ಬರೆಯುತ್ತಾರೆ. ಕಟ್ಟಿದ ಬುತ್ತಿ ಮಾತ್ರ ಒಂದೇ. 1993ರಲ್ಲಿ, ಬಿಕ್ಕಟ್ಟಿನ ನಡುವೆ, ಸಾಮಾನ್ಯರ ಇಂಗಾಲ ತೆರಿಗೆ 320 ಕ್ರೋನಾಕ್ಕೆ ಏರಿತು, ಕಾರ್ಖಾನೆಗಳದ್ದು ಅದರ ಕಾಲು ಭಾಗಕ್ಕೆ ಇಳಿಯಿತು. ಹೊರೆ ಯಾರ ಹೆಗಲಿಗೆ ಹೋಯಿತು ಎಂಬುದನ್ನು ನೀವೇ ನೋಡಿ.

ಬ್ಯಾಂಕುಗಳ ವಿಷಯದಲ್ಲಿ ಮಾತ್ರ ಈ ದೇಶ ಜಾಮೀನಿನ ಪಾಠವನ್ನು ಚೆನ್ನಾಗಿ ಕಲಿಯಿತು ಎಂದು ಒಪ್ಪಬೇಕು. 1992ರ ಸೆಪ್ಟೆಂಬರ್ 24ರಂದು ಕಾರ್ಲ್ ಬಿಲ್ಟ್ ಸರ್ಕಾರ, ವಿರೋಧ ಪಕ್ಷವನ್ನೂ ಜೊತೆಗೆ ಕೂಡಿಸಿಕೊಂಡು, ಬ್ಯಾಂಕುಗಳಲ್ಲಿ ಹಣವಿಟ್ಟವರಿಗೂ ಬ್ಯಾಂಕುಗಳಿಗೆ ಸಾಲ ಕೊಟ್ಟವರಿಗೂ ಪೂರ್ಣ ಜಾಮೀನು ನಿಂತಿತು. ಷೇರುದಾರರಿಗೆ ಆ ಜಾಮೀನು ಇರಲಿಲ್ಲ, ಇದನ್ನು ಅಡಿಗೆರೆ ಎಳೆದು ಓದಿ. ನೂರ್ಡ್‌ಬ್ಯಾಂಕೆನ್ ಮತ್ತು ಗೋಟಾ ಬ್ಯಾಂಕ್ ಸರ್ಕಾರದ ಕೈಗೆ ಬಂದವು. ಕೆಟ್ಟ ಸಾಲಗಳನ್ನು ಸೆಕ್ಯೂರಮ್ ಮತ್ತು ರೆಟ್ರೀವಾ ಎಂಬ ಕಂಪನಿಗಳಿಗೆ ಬೇರೆ ಮಾಡಿ, ಆತುರಪಡದೆ ಮಾರಿದರು. ಒಟ್ಟು ದೇಶೀಯ ಉತ್ಪನ್ನದ ಸುಮಾರು ಶೇಕಡಾ 4ರಷ್ಟು ಖರ್ಚಾದದ್ದರಲ್ಲಿ ದೊಡ್ಡ ಪಾಲು ಮುಂದೆ ಮರಳಿತು. ನೂರ್ಡ್‌ಬ್ಯಾಂಕೆನ್ನಿನಿಂದ ಬೆಳೆದ ನೂರ್ಡಿಯಾದ ಕೊನೆಯ ಸರ್ಕಾರಿ ಷೇರುಗಳು ಮಾರಾಟವಾದದ್ದು 2013ರಲ್ಲಿ. ಜಾಮೀನು ಕೊಟ್ಟವನು ಲಾಭದಲ್ಲೂ ಪಾಲು ಕೇಳಿದ, ಇಷ್ಟೇ ಅದರ ಗುಟ್ಟು.

ಇಂಧನದಲ್ಲಿ ಈ ಶಿಸ್ತು ಕಾಣುವುದಿಲ್ಲ. 1996ರ ಜನವರಿ 1ರಂದು ವಿದ್ಯುತ್ ಮಾರುಕಟ್ಟೆಯನ್ನು ಮುಕ್ತಗೊಳಿಸಿದರು. 1999ರಲ್ಲಿ ಬಾರ್ಸೆಬೆಕ್‌ನ ಮೊದಲ ಸ್ಥಾವರವನ್ನು ರಾಜಕೀಯ ತೀರ್ಮಾನದಿಂದ ಮುಚ್ಚಿ, ಅದರ ಒಡೆಯನಾಗಿದ್ದ ಸೀಡ್‌ಕ್ರಾಫ್ಟ್ ಕಂಪನಿಗೆ ಪರಿಹಾರವಾಗಿ ರಿಂಗ್‌ಹಾಲ್ಸ್ ಸ್ಥಾವರದಲ್ಲಿ ಪಾಲು ಕೊಟ್ಟರು. ಆ ಪಾಲು ಕೈಯಿಂದ ಕೈಗೆ ಹೋಗಿ ಯೂನಿಪರ್ ಎಂಬ ಜರ್ಮನ್ ಕಂಪನಿಗೆ ಸೇರಿತು; ಓಸ್ಕರ್ಸ್‌ಹಾಮ್ನ್ ಸ್ಥಾವರದ ಬಹುಪಾಲೂ ಅದರದೇ. 2022ರಲ್ಲಿ ರಷ್ಯಾದ ಅನಿಲ ನಿಂತು ಯೂನಿಪರ್ ಮುಳುಗುವಾಗ ಜರ್ಮನ್ ಸರ್ಕಾರ ಅದನ್ನು ಕೊಂಡುಕೊಂಡಿತು. ಹೀಗಾಗಿ 2023ರ ಏಪ್ರಿಲ್‌ನಲ್ಲಿ ತನ್ನ ನೆಲದ ಕೊನೆಯ ಅಣುಸ್ಥಾವರಗಳನ್ನು ಮುಚ್ಚಿದ ಜರ್ಮನಿ, ಸ್ವೀಡನ್ನಿನ ಓಸ್ಕರ್ಸ್‌ಹಾಮ್ನ್ ಅಣುಸ್ಥಾವರದ ಬಹುಪಾಲಿನ ಒಡೆಯನಾಗಿ ಕುಳಿತಿದೆ. ದಕ್ಷಿಣ ಸ್ವೀಡನ್ನಿನ ವಿದ್ಯುತ್ ದರಕ್ಕೆ ಜರ್ಮನಿಯೇ ಕಾರಣ ಎಂದು ನಮ್ಮ ಇಂಧನ ಸಚಿವೆ ಎಬ್ಬಾ ಬುಶ್ ಕಳೆದ ಡಿಸೆಂಬರ್‌ನಲ್ಲಿ ಗುಡುಗಿದಾಗ ನನಗೆ ಇದು ನೆನಪಾಗಿ ನಗು ತಡೆಯಲಾಗಲಿಲ್ಲ.

ಈಗ 2022ರ ಸೆಪ್ಟೆಂಬರ್ 3ರ ಶನಿವಾರಕ್ಕೆ ಬರುತ್ತೇನೆ. ಯುರೋಪಿಗೆ ಅನಿಲ ತರುವ ನಾರ್ಡ್ ಸ್ಟ್ರೀಮ್ ಕೊಳವೆ ಮತ್ತೆ ತೆರೆಯುವುದಿಲ್ಲ ಎಂದು ರಷ್ಯಾದ ಅನಿಲ ಕಂಪನಿ ಗ್ಯಾಜ್‌ಪ್ರಾಮ್ ಹಿಂದಿನ ಸಂಜೆ ಹೇಳಿತ್ತು. ಚುನಾವಣೆಗೆ ಎಂಟು ದಿನ ಬಾಕಿ. ಪ್ರಧಾನಿ ಮಗ್ದಲೇನಾ ಆಂಡರ್ಸನ್ ಪತ್ರಕರ್ತರನ್ನು ಕರೆದು, ವಿದ್ಯುತ್ ಕಂಪನಿಗಳಿಗೆ 25,000 ಕೋಟಿ ಕ್ರೋನಾದ ಸಾಲದ ಜಾಮೀನನ್ನು ಪ್ರಕಟಿಸಿದರು. ವಿದ್ಯುತ್ ದರ ಏರಿದರೆ ವಿದ್ಯುತ್ ಮಾರುವವನು ಹಿಗ್ಗಬೇಕಲ್ಲವೇ, ಅವನೇಕೆ ದಿವಾಳಿಯ ಅಂಚಿಗೆ ಬಂದ ಎಂದು ಆ ವಾರ ಅನೇಕರು ನನ್ನನ್ನು ಕೇಳಿದರು.

ನಮ್ಮ ಚನ್ನಗಿರಿ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಅಡಿಕೆ ಮರದಲ್ಲಿರುವಾಗಲೇ ತೋಟವನ್ನು ಚೇಣಿಗೆ ಕೊಡುತ್ತೇವೆ, ದರ ಮೊದಲೇ ಮಾತಾಗಿರುತ್ತದೆ. ಆಮೇಲೆ ಪೇಟೆಯಲ್ಲಿ ಅಡಿಕೆ ದರ ಎರಡು ಪಟ್ಟಾದರೆ ಹೊಟ್ಟೆ ಉರಿಯುತ್ತದೆ, ಆದರೆ ಯಾರೂ ಮನೆ ಜಪ್ತಿ ಮಾಡುವುದಿಲ್ಲ. ಈಗ ನಡುವೆ ಒಬ್ಬ ದಲ್ಲಾಳಿ ಕುಳಿತಿದ್ದಾನೆ ಎಂದುಕೊಳ್ಳಿ. 'ಪೇಟೆ ದರ ಏರಿದೆ, ನೀವು ಕೊನೆಗೆ ಅಡಿಕೆ ಕೊಡದೆ ಹೋದರೆ ನಾನು ಈ ದರಕ್ಕೆ ಕೊಂಡು ಒಪ್ಪಿಸಬೇಕಾಗುತ್ತದೆ. ಆದ್ದರಿಂದ ಇಂದಿನ ದರಕ್ಕೂ ಮಾತಿನ ದರಕ್ಕೂ ಇರುವ ವ್ಯತ್ಯಾಸವನ್ನು ಇವತ್ತು ಸಂಜೆಯೊಳಗೆ ನಗದಾಗಿ ನನ್ನಲ್ಲಿ ಇಡಿ' ಎಂದು ಅವನು ದಿನದಿನವೂ ಕೇಳಿದರೆ? ತೋಟದಲ್ಲಿ ಅಡಿಕೆ ಇದೆ, ಪೆಟ್ಟಿಗೆಯಲ್ಲಿ ನಗದಿಲ್ಲ. ಜಲಾಶಯದಲ್ಲಿ ನೀರಿತ್ತು, ಬ್ಯಾಂಕಿನಲ್ಲಿ ಹಣವಿರಲಿಲ್ಲ. ಇಲ್ಲಿ ಆ ದಲ್ಲಾಳಿ ಸ್ಟಾಕ್‌ಹೋಮಿನ ನ್ಯಾಸ್ಡ್ಯಾಕ್ ಕ್ಲಿಯರಿಂಗ್. ಸಾಮಾನ್ಯ ದಿನಗಳಲ್ಲಿ ಸುಮಾರು 2,500 ಕೋಟಿ ಇರುತ್ತಿದ್ದ ಈ ಒತ್ತೆಹಣ ಸುಮಾರು 18,000 ಕೋಟಿ ಕ್ರೋನಾ ಮುಟ್ಟಿತ್ತು. ಸೋಮವಾರ ಒಂದು ಕಂಪನಿ ಕೈಚೆಲ್ಲಿದ್ದರೆ ಉಳಿದವರ ಒತ್ತೆಯ ಮೇಲೂ ಅದು ಬೀಳುತ್ತಿತ್ತು, ಅಲ್ಲಿಂದ ಬ್ಯಾಂಕುಗಳಿಗೆ.

ಇದು ಯಾರೂ ಕಾಣದಿದ್ದ ಅಪಾಯವಾಗಿರಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಐನಾರ್ ಓಸ್ ಎಂಬ ಒಬ್ಬನೇ ಒಬ್ಬ ನಾರ್ವೆಯ ವ್ಯಾಪಾರಿ, ನಾರ್ಡಿಕ್ ದರಕ್ಕೂ ಜರ್ಮನ್ ದರಕ್ಕೂ ಇರುವ ಅಂತರದ ಮೇಲೆ ಕಟ್ಟಿದ ಬಾಜಿ ತಲೆಕೆಳಗಾಗಿ, ಇದೇ ಕ್ಲಿಯರಿಂಗ್ ಸಂಸ್ಥೆಯಲ್ಲಿ ಸೋತುಬಿದ್ದ. ಉಳಿದ ಸದಸ್ಯರ ಸಾಮೂಹಿಕ ನಿಧಿಯಿಂದ 10.7 ಕೋಟಿ ಯೂರೊ ಕರಗಿತು. ಗಂಟೆ ಬಾರಿಸಿತ್ತು. ನಾಲ್ಕು ವರ್ಷದ ಮೇಲೆ ಎದ್ದು ಬಂದದ್ದು ಯಾರು? ಮತ್ತೆ ಸರ್ಕಾರವೇ. ಪಕ್ಕದ ಫಿನ್‌ಲ್ಯಾಂಡ್ ಕೊಂಚ ಜಾಣತನ ತೋರಿತು. ಫೋರ್ಟಮ್ ಎಂಬ ವಿದ್ಯುತ್ ಕಂಪನಿಗೆ ತುರ್ತು ಸಾಲ ಕೊಡುವಾಗ ಸುಮಾರು ಶೇಕಡಾ 1ರಷ್ಟು ಷೇರನ್ನು ಪುಕ್ಕಟೆಯಾಗಿ ಬರೆಸಿಕೊಂಡಿತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಎಂದಿದೆ. ಒಬ್ಬಟ್ಟಿನ ವಾಸನೆ ಇಲ್ಲಿಯವರೆಗೂ ಬಂದಿರುವುದರಿಂದ ಆ ಐದು ನಿಮಿಷವೂ ಉದಾರವೇ. ನಾಲ್ಕು ವಿಷಯ ಉಳಿದಿದ್ದವು, ಒಂದೊಂದು ಮಾತು ಹೇಳುತ್ತೇನೆ.

2009ರಲ್ಲಿ, ಜಗತ್ತಿನ ಬ್ಯಾಂಕುಗಳೆಲ್ಲ ನಡುಗುತ್ತಿದ್ದಾಗ, ನಮ್ಮ ಸರ್ಕಾರಿ ವಿದ್ಯುತ್ ಕಂಪನಿ ವಾಟೆನ್‌ಫಾಲ್ ಸುಮಾರು 850 ಕೋಟಿ ಯೂರೊ ಬೆಲೆಗೆ ಡಚ್ಚರ ನ್ಯುಓನ್ ಕಂಪನಿಯನ್ನು ಕೊಂಡಿತು. ಮುಂದಿನ ವರ್ಷಗಳಲ್ಲಿ ಅದರ ಬಹುಭಾಗವನ್ನು ನಷ್ಟವೆಂದು ಲೆಕ್ಕದಿಂದ ಹೊಡೆದುಹಾಕಿತು. ಆ ಕೊಳ್ಳುವಿಕೆಗೆ ಜಾಮೀನು ನಿಂತವರು ಇಲ್ಲಿ ಕುಳಿತಿರುವ ತೆರಿಗೆದಾರರು.

2011ರ ನವೆಂಬರ್‌ನಲ್ಲಿ ದೇಶವನ್ನು ವಿದ್ಯುತ್ತಿನ ನಾಲ್ಕು ಬೆಲೆ ವಲಯಗಳಾಗಿ ಸೀಳಿದ್ದು ನಿಮ್ಮ ಬಿಲ್ಲಿನಲ್ಲೇ ಇದೆ. ದರ ಹೆಚ್ಚಿರುವ ದಕ್ಷಿಣದ ಮಾಲ್ಮೋದಿಂದ ಬಂದವರ ಮುಖ ನೋಡಿದರೆ ಸಾಕು.

ಗಾಳಿಯವರೂ ಹೊರತಲ್ಲ. ಉತ್ತರದ ಮಾರ್ಕ್‌ಬಿಗ್ಡೆನ್‌ನ ದೊಡ್ಡ ಗಾಳಿ ಯೋಜನೆಯೊಂದು ಇಂತಿಷ್ಟು ವಿದ್ಯುತ್ತನ್ನು ತಪ್ಪದೆ ಒದಗಿಸುವುದಾಗಿ ದೀರ್ಘ ಕರಾರು ಬರೆದುಕೊಟ್ಟಿತ್ತು. ಗಾಳಿ ಬೀಸದ ದಿನ ದುಬಾರಿ ದರಕ್ಕೆ ಪೇಟೆಯಲ್ಲಿ ಕೊಂಡು ಒಪ್ಪಿಸಬೇಕಾಗಿ, 2023ರಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಬೇಕೆಂದು ನ್ಯಾಯಾಲಯವನ್ನು ಕೇಳಿತು. ಗಾಳಿಯ ಪರವಾಗಿ ಜಾಮೀನು ಹಾಕುವವನು ಹವಾಮಾನ ಇಲಾಖೆಯವನಾದರೂ ಆಗಿರಬೇಕಿತ್ತು.

ಕೊನೆಯದು, ಹೊಸ ಅಣುಸ್ಥಾವರಗಳಿಗೆ ಸರ್ಕಾರದ ಸಾಲ ಮತ್ತು ನಿಶ್ಚಿತ ದರದ ಭರವಸೆ ಕೊಡುವ ಪ್ರಸ್ತಾಪ. ಸುಮಾರು 5,000 ಮೆಗಾವ್ಯಾಟಿನ ಮಾತು. ನಾನು ಅದರ ವಿರೋಧಿಯಲ್ಲ. ಇಲ್ಲಿ ಕನಿಷ್ಠ ಜಾಮೀನುದಾರನ ಹೆಸರನ್ನಾದರೂ ಮೊದಲೇ ಬರೆಯುತ್ತಿದ್ದಾರೆ. ದರ ಬಿದ್ದರೆ ತುಂಬಿಕೊಡುವವರು ಯಾರು, ದರ ಏರಿದರೆ ಹೆಚ್ಚಿನ ಲಾಭ ಯಾರಿಗೆ, ಕಟ್ಟುವುದು ತಡವಾದರೆ ಬಡ್ಡಿ ಯಾರ ತಲೆಗೆ ಎಂಬುದನ್ನು ಪ್ರಸ್ತಾಪದಲ್ಲಿ ಹುಡುಕಿ ಓದಿ. ಅಜ್ಜಿಯ ಹಾಗೆ ಮುಂಬದಿಯನ್ನಷ್ಟೇ ಓದಬೇಡಿ. ಅಂದ ಹಾಗೆ, ಅಜ್ಜಿ ತೀರಿಕೊಂಡ ಮೇಲೆ ಆ ಮನೆ ಮಾರಾಟವಾಯಿತು. ಹೊಸಬರು ಹೀಟ್ ಪಂಪ್ ಹಾಕಿಸಿದ್ದಾರೆ. 2022ರ ಚಳಿಗಾಲದಲ್ಲಿ ಆ ದಾರಿಯಲ್ಲಿ ಹೋದಾಗ ಚಿಮಣಿಯಿಂದ ಕಟ್ಟಿಗೆಯ ಹೊಗೆ ಬರುತ್ತಿತ್ತು.

ಅಧ್ಯಕ್ಷರು ಎದ್ದು ನಿಂತರು. ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲಿ ಕೇಳಿ, ನಾನು ಅಲ್ಲೇ ಇರುತ್ತೇನೆ. ನಮಸ್ಕಾರ.