ಪೆನ್ ಡ್ರೈವ್ ಹೇಳಿದ್ದನ್ನು ಕಂಪ್ಯೂಟರ್ ನಂಬುವ ಬಗೆ

ಕೇಳುಗರೆ, ನಮಸ್ಕಾರ.

ಪೆನ್ ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿದ ಒಂದೆರಡು ಕ್ಷಣಗಳಲ್ಲಿ ತೆರೆಯ ಮೇಲೆ ಅದರ ಗುರುತು ಮೂಡುತ್ತದೆ. ಆ ಅಲ್ಪ ಸಮಯದಲ್ಲಿ ಎರಡೂ ಉಪಕರಣಗಳ ನಡುವೆ ಒಂದು ಪುಟ್ಟ ಸಂದರ್ಶನವೇ ನಡೆದು ಮುಗಿದಿರುತ್ತದೆ. ಅದರಲ್ಲಿ ಕೇಳಲಾಗುವ ಪ್ರಶ್ನೆಗಳು ಯಾವುವು, ಕೇಳದೆ ಬಿಟ್ಟ ಪ್ರಶ್ನೆ ಯಾವುದು ಎಂಬುದು ತಿಳಿದರೆ, ವೈರಸ್‌ಗಳು ಎಲ್ಲಿಂದ ನುಸುಳುತ್ತವೆ ಎಂಬುದೂ ಬಹುಮಟ್ಟಿಗೆ ತಿಳಿದಂತೆಯೇ.

ಯು.ಎಸ್.ಬಿ. ಎಂದರೆ ಯೂನಿವರ್ಸಲ್ ಸೀರಿಯಲ್ ಬಸ್. ಅದು ಬರುವುದಕ್ಕೆ ಮೊದಲು ಕಂಪ್ಯೂಟರಿನ ಬೆನ್ನಿನಲ್ಲಿ ಕೀಲಿಮಣೆಗೆ ಒಂದು ಕಿಂಡಿ, ಮೌಸಿಗೆ ಇನ್ನೊಂದು, ಮುದ್ರಕಕ್ಕೆ ಇಪ್ಪತ್ತೈದು ಸೂಜಿಗಳ ಅಗಲವಾದ ಮತ್ತೊಂದು, ಹೀಗೆ ಬೇರೆ ಬೇರೆ ಆಕಾರದ ಕಿಂಡಿಗಳಿದ್ದವು. ಹೊಸ ಉಪಕರಣವೊಂದನ್ನು ಜೋಡಿಸಿದರೆ ಕಂಪ್ಯೂಟರನ್ನು ಆರಿಸಿ ಮತ್ತೆ ಚಾಲೂ ಮಾಡಬೇಕಾಗುತ್ತಿತ್ತು. ಈ ಗೋಜಲನ್ನು ನಿವಾರಿಸಲು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಮೊದಲಾದ ಏಳು ಕಂಪನಿಗಳು ಕೂಡಿ 1996ರಲ್ಲಿ ಯು.ಎಸ್.ಬಿ.ಯ ಮೊದಲ ಆವೃತ್ತಿಯನ್ನು ಪ್ರಕಟಿಸಿದವು. ಇಂಟೆಲ್‌ನಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದವರು ಭಾರತ ಮೂಲದ ಎಂಜಿನಿಯರ್ ಅಜಯ್ ಭಟ್. ಯಾರು ಬೇಕಾದರೂ, ಯಾವಾಗ ಬೇಕಾದರೂ, ಏನನ್ನೂ ಕಲಿಯದೆಯೇ ಜೋಡಿಸುವಂತಿರಬೇಕು ಎಂಬುದು ಅವರೆಲ್ಲರ ಗುರಿಯಾಗಿತ್ತು. ಆ ಗುರಿಯನ್ನು ಅವರು ಮುಟ್ಟಿದರೆಂಬುದರಲ್ಲಿ ಅನುಮಾನವಿಲ್ಲ. ಆದರೆ ಹಾಗೆ ಸಲೀಸಾಗಿ ತೆರೆದ ಬಾಗಿಲು ಬೇಡದವರಿಗೂ ಅಷ್ಟೇ ಸಲೀಸಾಗಿ ತೆರೆಯಿತು.

ಹಳೆಯ, ಆಯತಾಕಾರದ ಯು.ಎಸ್.ಬಿ. ತುದಿಯೊಳಗೆ ಇಣುಕಿದರೆ ನಾಲ್ಕು ಲೋಹದ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ಪಟ್ಟಿಗಳು ಐದು ವೋಲ್ಟಿನ ವಿದ್ಯುತ್ತಿಗೆ, ನಡುವಿನ ಎರಡು ಮಾಹಿತಿಗೆ. ಗಮನವಿಟ್ಟು ನೋಡಿದರೆ ಅಂಚಿನ ಪಟ್ಟಿಗಳು ನಡುವಿನವುಗಳಿಗಿಂತ ತುಸು ಉದ್ದವಾಗಿರುವುದು ಕಾಣಿಸುತ್ತದೆ. ಸಿಕ್ಕಿಸುವಾಗ ಮೊದಲು ವಿದ್ಯುತ್ ತಲುಪಲಿ, ಉಪಕರಣ ಎಚ್ಚರಗೊಳ್ಳಲಿ, ಆಮೇಲೆ ಮಾತುಕತೆ ಆರಂಭವಾಗಲಿ ಎಂಬುದು ಅದರ ಉದ್ದೇಶ. ಇಷ್ಟು ಚಿಕ್ಕ ವಿಷಯದಲ್ಲಿಯೂ ಇಷ್ಟು ಮುಂದಾಲೋಚನೆ ತೋರಿದವರ ಬಗ್ಗೆ ನನಗೆ ಮೆಚ್ಚುಗೆಯಿದೆ. ನಡುವಿನ ಎರಡು ತಂತಿಗಳು ಒಂದೇ ಸಂಕೇತವನ್ನು ಪರಸ್ಪರ ವಿರುದ್ಧ ರೂಪದಲ್ಲಿ ಒಯ್ಯುತ್ತವೆ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುವುದರಿಂದ, ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಸಂಕೇತ ಮಾತ್ರ ಉಳಿಯುತ್ತದೆ.

ಇನ್ನು ಆ ಸಂದರ್ಶನದ ವಿಷಯ. ಕಿಂಡಿ ಖಾಲಿ ಇರುವಾಗ ಮಾಹಿತಿಯ ಎರಡೂ ತಂತಿಗಳ ವೋಲ್ಟೇಜ್ ಸೊನ್ನೆಯ ಬಳಿ ಇರುತ್ತದೆ. ಉಪಕರಣವು ತನ್ನೊಳಗಿನ ಒಂದು ರೆಸಿಸ್ಟರಿನ ಮೂಲಕ ಅವುಗಳಲ್ಲೊಂದನ್ನು ಮೇಲಕ್ಕೆ ಎಳೆದ ಕೂಡಲೇ ಯಾರೋ ಬಂದಿದ್ದಾರೆಂದು ಕಂಪ್ಯೂಟರಿಗೆ ಅರಿವಾಗುತ್ತದೆ. ಹೊಸದಾಗಿ ಬಂದ ಯಾವ ಉಪಕರಣವೇ ಆಗಲಿ, ಮೊದಲು ಸೊನ್ನೆ ಎಂಬ ವಿಳಾಸಕ್ಕೆ ಓಗೊಡುತ್ತದೆ. ಕಂಪ್ಯೂಟರ್ ಅದಕ್ಕೆ 1ರಿಂದ 127ರೊಳಗಿನ ಒಂದು ಸಂಖ್ಯೆಯನ್ನು ವಿಳಾಸವಾಗಿ ಕೊಟ್ಟು, ನಿನ್ನನ್ನು ತಯಾರಿಸಿದವರು ಯಾರು, ನೀನು ಯಾವ ವರ್ಗದ ಉಪಕರಣ, ನಿನಗೆಷ್ಟು ವಿದ್ಯುತ್ ಬೇಕು ಎಂದು ವಿಚಾರಿಸುತ್ತದೆ. ನಾನು ಸಂಗ್ರಹ ಸಾಧನ ಎಂದು ಪೆನ್ ಡ್ರೈವ್ ಉತ್ತರಿಸಿದರೆ, ಕಂಪ್ಯೂಟರ್ ತನ್ನಲ್ಲಿರುವ ತಕ್ಕ ಚಾಲಕ ತಂತ್ರಾಂಶವನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಈ ವ್ಯವಸ್ಥೆಯಲ್ಲಿ ಉಪಕರಣ ತಾನಾಗಿಯೇ ಮಾತು ಆರಂಭಿಸುವಂತಿಲ್ಲ, ಕಂಪ್ಯೂಟರ್ ಕರೆದಾಗ ಮಾತ್ರ ಉತ್ತರಿಸಬೇಕು. ಶಿಸ್ತು ಅಷ್ಟು ಬಿಗಿಯಾಗಿದೆ. ಆದರೂ ಒಂದು ಪ್ರಶ್ನೆಯನ್ನು ಅಲ್ಲಿ ಕೇಳುವುದೇ ಇಲ್ಲ: ನೀನು ಹೇಳುತ್ತಿರುವುದು ನಿಜವೆಂಬುದಕ್ಕೆ ಸಾಕ್ಷಿ ಏನು? ಬಂದವರು ತಮ್ಮ ಹೆಸರೆಂದು ಏನು ಹೇಳಿದರೂ ಅದನ್ನೇ ಬರೆದುಕೊಂಡು ಒಳಗೆ ಬಿಡುವ ಕಾವಲುಗಾರನ ರೀತಿ ಅದು. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

ವೇಗದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಆರಂಭದಲ್ಲಿ ಸೆಕೆಂಡಿಗೆ 12 ಮೆಗಾಬಿಟ್ ಇದ್ದದ್ದು 2000ದಲ್ಲಿ 480 ಮೆಗಾಬಿಟ್‌ಗೂ, 2008ರಲ್ಲಿ 5 ಗಿಗಾಬಿಟ್‌ಗೂ ಏರಿತು. ತಲೆಕೆಳಗಾಗಿ ಹಿಡಿದರೂ ಸರಿಯಾಗಿ ಕೂರುವ ಟೈಪ್-ಸಿ ತುದಿ 2014ರಲ್ಲಿ ಬಂದಿತು.

ಪೆನ್ ಡ್ರೈವಿನ ಒಳಗೆ ಮುಖ್ಯವಾಗಿ ಎರಡು ಚಿಪ್‌ಗಳಿರುತ್ತವೆ. ಒಂದು ಮಾಹಿತಿಯನ್ನು ಹಿಡಿದಿಡುವ ಫ್ಲ್ಯಾಶ್ ಚಿಪ್, ಇನ್ನೊಂದು ಅದನ್ನು ನಿಯಂತ್ರಿಸುತ್ತ ಕಂಪ್ಯೂಟರಿನೊಡನೆ ಮಾತನಾಡುವ ಚಿಪ್. ಈ ಎರಡನೆಯದು ತನ್ನದೇ ಪ್ರೋಗ್ರಾಮನ್ನು ಹೊಂದಿರುವ ಒಂದು ಸಣ್ಣ ಕಂಪ್ಯೂಟರೇ ಸರಿ. ಬರೆಯುವ ಕೆಲಸ ಮುಗಿಯಿತೆಂದು ತೆರೆ ಹೇಳಿದರೂ ಕೆಲವೊಮ್ಮೆ ಕೊನೆಯ ತುಣುಕುಗಳು ಕಂಪ್ಯೂಟರಿನ ಸ್ಮರಣೆಯಲ್ಲಿಯೇ ಸರದಿ ಕಾಯುತ್ತಿರುತ್ತವೆ. ಆಗ ಥಟ್ಟನೆ ಎಳೆದುಬಿಟ್ಟರೆ ಆ ಒಂದು ಫೈಲ್ ಮಾತ್ರವಲ್ಲ, ಯಾವ ಫೈಲ್ ಎಲ್ಲಿದೆ ಎಂದು ತಿಳಿಸುವ ಪಟ್ಟಿಯೇ ಕೆಡಬಹುದು. ಎಜೆಕ್ಟ್ ಎಂಬ ಆದೇಶವನ್ನು ಕೊಟ್ಟು, ಅನುಮತಿ ಬಂದ ಮೇಲೆ ತೆಗೆಯಬೇಕೆನ್ನುವುದು ಈ ಕಾರಣಕ್ಕಾಗಿ.

ಇನ್ನು ವೈರಸ್‌ಗೆ ಬರೋಣ. ಪೆನ್ ಡ್ರೈವಿನಲ್ಲಿ ಸುಮ್ಮನೆ ಬಿದ್ದಿರುವ ವೈರಸ್ ತನ್ನಷ್ಟಕ್ಕೆ ಏನನ್ನೂ ಮಾಡಲಾರದು. ಯಾರಾದರೂ ಅದನ್ನು ಓಡಿಸಬೇಕು. ಆದ್ದರಿಂದ ಅದನ್ನು ಬರೆದವರ ಜಾಣತನವೆಲ್ಲ ಓಡಿಸುವ ಆ ಒಂದು ಹೆಜ್ಜೆಯನ್ನು ನಮ್ಮಿಂದಲೋ ಕಂಪ್ಯೂಟರಿನಿಂದಲೋ ಹೇಗೆ ಇಡಿಸುವುದು ಎಂಬುದರಲ್ಲಿಯೇ ವ್ಯಯವಾಗಿದೆ. ವಿಂಡೋಸ್ 95ರೊಂದಿಗೆ ಬಂದ ಆಟೋರನ್ ಎಂಬ ಸೌಲಭ್ಯ ಅವರಿಗೆ ವರವಾಯಿತು. ಸಿ.ಡಿ. ಹಾಕಿದೊಡನೆ ಅದರಲ್ಲಿರುವ ಪ್ರೋಗ್ರಾಮ್ ತಾನೇ ಆರಂಭವಾಗಲೆಂದು ಮಾಡಿದ ಈ ಏರ್ಪಾಡನ್ನು ವೈರಸ್‌ಗಳು ಪೆನ್ ಡ್ರೈವಿನಲ್ಲಿ ಬಳಸಿಕೊಂಡವು. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್, ಅಂದರೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಡುವ ಕೇಡಿನ ಪ್ರೋಗ್ರಾಮ್, ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹರಡಲು ಹಿಡಿದ ದಾರಿಗಳಲ್ಲಿ ಇದೂ ಒಂದು. ಮುಂದೆ ವಿಂಡೋಸ್ 7ರಲ್ಲಿ ಪೆನ್ ಡ್ರೈವ್‌ಗಳಿಗೆ ಆಟೋರನ್ ಇಲ್ಲವಾಯಿತು, 2011ರಲ್ಲಿ ಹಳೆಯ ಆವೃತ್ತಿಗಳಿಗೂ ಆ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಹಂಚಿತು.

ಕಂಪ್ಯೂಟರ್ ಆ ಹೆಜ್ಜೆ ಇಡುವುದನ್ನು ನಿಲ್ಲಿಸಿದ ಮೇಲೆ ವೈರಸ್‌ಗಳು ನಮ್ಮ ಬೆರಳಿನ ಕಡೆ ತಿರುಗಿದವು. ಅವು ನಮ್ಮ ನಿಜವಾದ ಫೋಲ್ಡರ್‌ಗಳನ್ನು ಮರೆಮಾಡಿ, ಅದೇ ಹೆಸರಿನ, ಅದೇ ಚಿತ್ರದ ಶಾರ್ಟ್‌ಕಟ್‌ಗಳನ್ನು, ಅಂದರೆ ಬೇರೆಲ್ಲೋ ಇರುವುದನ್ನು ತೆರೆಯುವ ಕೊಂಡಿಗಳನ್ನು, ಇಟ್ಟುಬಿಡುತ್ತವೆ. ಅದನ್ನು ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಅನುಮಾನ ಬಾರದಿರಲೆಂದು ಆಮೇಲೆ ನಿಜವಾದ ಫೋಲ್ಡರ್ ಕೂಡ ತೆರೆದುಕೊಳ್ಳುತ್ತದೆ. ನಾನೂ ಒಮ್ಮೆ ಹೀಗೆ ಮೋಸಹೋಗಿ, ಬರೆದದ್ದೆಲ್ಲ ಅಳಿಸಿಹೋಯಿತೆಂದು ಭಾವಿಸಿ ಫಾರ್ಮ್ಯಾಟ್ ಮಾಡಿಬಿಟ್ಟೆ. ಏನೂ ಅಳಿಸಿರಲಿಲ್ಲ, ಅಳಿಸಿದ್ದು ನಾನೇ. ಆದಕಾರಣ ಫೋಲ್ಡರ್‌ಗಳು ಮಾಯವಾದರೆ ಗಾಬರಿಯಾಗಬೇಡಿ. ಮೊದಲು ಆಂಟಿವೈರಸ್‌ನಿಂದ ಪೆನ್ ಡ್ರೈವನ್ನು ಪರೀಕ್ಷಿಸಿ, ಬಳಿಕ ಅಡಗಿಸಿಟ್ಟ ಫೈಲ್‌ಗಳನ್ನೂ ತೋರಿಸುವಂತೆ ವಿಂಡೋಸ್‌ನ ಆಯ್ಕೆಯನ್ನು ಬದಲಿಸಿದರೆ ಅವು ಸಾಮಾನ್ಯವಾಗಿ ಇದ್ದಲ್ಲಿಯೇ ಕಾಣಸಿಗುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ ಹಳದಿ ಚಿತ್ರವಿರುವುದೆಲ್ಲ ಫೋಲ್ಡರ್ ಅಲ್ಲ. ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣದ ಗುರುತಿದ್ದರೆ ಅದು ಶಾರ್ಟ್‌ಕಟ್. ಫೈಲ್ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬಂದು ಅದರ ಬಗೆಯನ್ನು ತಿಳಿಸುವ ವಿಸ್ತರಣೆಯೂ ತೋರುವಂತೆ ಮಾಡಿಕೊಂಡರೆ, ಚಿತ್ರವೆಂದೋ ಪತ್ರವೆಂದೋ ವೇಷ ಹಾಕಿದ ಪ್ರೋಗ್ರಾಮ್ ಸುಲಭವಾಗಿ ಸಿಕ್ಕಿಬೀಳುತ್ತದೆ.

ಒತ್ತದಿದ್ದರೆ ಸಾಕೆ ಎಂದು ನೀವು ಕೇಳಬಹುದು. ಯಾವಾಗಲೂ ಸಾಲದು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ವರ್ಮ್, ಶಾರ್ಟ್‌ಕಟ್‌ನ ಚಿತ್ರವನ್ನು ತೆರೆಯ ಮೇಲೆ ತೋರಿಸುವ ವಿಂಡೋಸ್‌ನ ಕ್ರಮದಲ್ಲಿಯೇ ಇದ್ದ ದೋಷವನ್ನು ಬಳಸಿತು. ಆ ಪೆನ್ ಡ್ರೈವನ್ನು ತೆರೆದು ನೋಡಿದರೇ ಸಾಕಾಗಿತ್ತು. ಅಂತರ್ಜಾಲದ ಸಂಪರ್ಕವಿಲ್ಲದ ಕಂಪ್ಯೂಟರ್‌ಗಳನ್ನು ತಲುಪಲೆಂದೇ ರೂಪಿಸಿದ ಅದು ಇರಾನಿನ ನತಾಂಜ್ ಅಣುಕೇಂದ್ರದ ಯಂತ್ರಗಳವರೆಗೆ ಹೋಯಿತು. ಅದೇ ವರ್ಷದ ಆಗಸ್ಟಿನಲ್ಲಿ ಆ ದೋಷಕ್ಕೆ ಪರಿಹಾರ ಬಂದಿತು. ಬೇಸರ ತರಿಸುವ ಅಪ್‌ಡೇಟ್‌ಗಳನ್ನು ಮುಂದೂಡಬಾರದೆನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಬೇರೆಯವರ ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳಲು ಹೋಗುವಾಗ ಬೇಕಾದ ಒಂದೆರಡು ಫೈಲ್‌ಗಳಷ್ಟೇ ಇರುವ ಪ್ರತ್ಯೇಕ ಪೆನ್ ಡ್ರೈವ್ ಒಯ್ಯುವುದು ಲೇಸು. ಕೆಲವು ಪೆನ್ ಡ್ರೈವ್‌ಗಳ ಬದಿಯಲ್ಲಿ ಬರವಣಿಗೆಗೆ ಬೀಗ ಹಾಕುವ ಪುಟ್ಟ ಸ್ವಿಚ್ ಇರುತ್ತದೆ. ಅದನ್ನು ಹಾಕಿದಾಗ ಓದಬಹುದೇ ಹೊರತು ಬರೆಯಲಾಗದು, ಹಾಗಾಗಿ ವೈರಸ್‌ಗೂ ಒಳಗೆ ಇಳಿಯಲು ಜಾಗವಿರುವುದಿಲ್ಲ. ಇಷ್ಟು ಅಗ್ಗದ, ಇಷ್ಟು ಸಮರ್ಥವಾದ ರಕ್ಷಣೆ ಎಲ್ಲ ಪೆನ್ ಡ್ರೈವ್‌ಗಳಲ್ಲಿಯೂ ಏಕಿಲ್ಲವೋ ಎಂದು ನನಗೆ ಆಗಾಗ ಅನಿಸುತ್ತದೆ.

ಈಗ, ಸಾಕ್ಷಿ ಕೇಳದ ಆ ಕಾವಲುಗಾರನ ವಿಷಯಕ್ಕೆ ಮರಳುತ್ತೇನೆ. ನಿಯಂತ್ರಕ ಚಿಪ್‌ನ ಪ್ರೋಗ್ರಾಮನ್ನೇ ಬದಲಿಸಿದರೆ ಪೆನ್ ಡ್ರೈವ್ ತಾನು ಕೀಲಿಮಣೆ ಎಂದು ಹೇಳಿಕೊಳ್ಳಬಹುದೆಂದು 2014ರಲ್ಲಿ ಕಾರ್ಸ್ಟೆನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು ತೋರಿಸಿಕೊಟ್ಟರು. ಕಂಪ್ಯೂಟರ್ ಅದನ್ನು ನಂಬಿದೊಡನೆ, ನೀವೇ ಕುಳಿತು ಟೈಪ್ ಮಾಡುತ್ತಿರುವಂತೆ ಅದು ಆದೇಶಗಳನ್ನು ಕೊಡತೊಡಗುತ್ತದೆ. ಈ ಪ್ರೋಗ್ರಾಮ್ ಫೈಲ್‌ಗಳ ಜಾಗದಲ್ಲಿ ಇಲ್ಲದಿರುವುದರಿಂದ ಆಂಟಿವೈರಸ್‌ನ ಸಾಮಾನ್ಯ ತಪಾಸಣೆಗೆ ಕಾಣುವುದಿಲ್ಲ, ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ. ಇಂಥದ್ದನ್ನು ದೂರವಿಡಲು ಎಲ್ಲೋ ಬಿದ್ದು ಸಿಕ್ಕಿದ ಪೆನ್ ಡ್ರೈವನ್ನು ಸಿಕ್ಕಿಸದಿರುವುದೇ ಮೊದಲ ಉಪಾಯ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ಬೇಕೆಂದೇ 297 ಪೆನ್ ಡ್ರೈವ್‌ಗಳನ್ನು ಬೀಳಿಸಿಟ್ಟಾಗ ಕನಿಷ್ಠ ಶೇಕಡ 45ರಷ್ಟನ್ನು ಸಿಕ್ಕಿದವರು ಜೋಡಿಸಿ ಫೈಲ್ ತೆರೆದಿದ್ದರೆಂದು 2016ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ಅವರಲ್ಲಿ ಹಲವರು ಕೆಟ್ಟ ಕುತೂಹಲದಿಂದ ಹಾಗೆ ಮಾಡಿದವರಲ್ಲ, ವಾರಸುದಾರರನ್ನು ಹುಡುಕಿ ಮರಳಿಸಬೇಕೆಂದುಕೊಂಡವರು. ಅಂಥ ಸದುದ್ದೇಶವಿದ್ದರೆ ಸಿಕ್ಕಿದ ಸ್ಥಳದಲ್ಲಿ ಒಂದು ಚೀಟಿ ಅಂಟಿಸಿದರೆ ಸಾಕು. ನಿಮ್ಮ ಪೆನ್ ಡ್ರೈವ್ ಕಳೆದುಹೋದರೆ ಮರಳಿ ಬರಲೆಂದು ಹೆಸರು ಬರೆದಿಡುವುದಾದರೂ ಒಳಗಿನ ಫೈಲಿನಲ್ಲಿ ಬರೆಯಬೇಡಿ, ಅದರ ಮೈಮೇಲೆಯೇ ಬರೆಯಿರಿ.

ನಮಸ್ಕಾರ.