ಎರಡು ಪಟ್ಟಿಗಳ ನಡುವಿನ ಗೆರೆ

ಎಲ್ಲರಿಗೂ ನಮಸ್ಕಾರ.

ವಿಭಾಗದ ವಾರ್ಷಿಕ ವರದಿಯನ್ನು ಈಗಷ್ಟೇ ಕೇಳಿದಿರಿ. ಮೊದಲು ಅಧ್ಯಾಪಕರ ಸಾಧನೆ: ಇಷ್ಟು ಪೇಪರ್, ಇಷ್ಟು ಪೇಟೆಂಟ್, ಇಷ್ಟು ಪ್ರಾಜೆಕ್ಟ್. ಆಮೇಲೆ ವಿದ್ಯಾರ್ಥಿಗಳ ಸಾಧನೆ: ರ‍್ಯಾಂಕ್, ಪ್ಲೇಸ್‌ಮೆಂಟ್, ಬಹುಮಾನ. ಎರಡು ಪಟ್ಟಿ, ನಡುವೆ ಒಂದು ಗೆರೆ. ಚಪ್ಪಾಳೆಯೂ ಎರಡು ಸಲ. ನನ್ನ ತಕರಾರು ಆ ಗೆರೆಯ ಮೇಲೆ. ಕೆಲವು ದೊಡ್ಡ ಕೆಲಸಗಳು ಗೆರೆಯ ಈಚೆಗೂ ಸೇರುವುದಿಲ್ಲ, ಆಚೆಗೂ ಸೇರುವುದಿಲ್ಲ.

1951ರ ಮಾತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಫಾನೋ ಎಂಬ ಮೇಷ್ಟ್ರು ಇನ್ಫರ್ಮೇಷನ್ ಥಿಯರಿ, ಅಂದರೆ ಮಾಹಿತಿಯನ್ನು ಅಳೆಯುವ, ಕಳಿಸುವ ಲೆಕ್ಕಶಾಸ್ತ್ರ, ಪಾಠ ಮಾಡುತ್ತಿದ್ದರು. ಕೊನೆಯ ಪರೀಕ್ಷೆ ಬೇಡ ಅನ್ನುವವರು ಒಂದು ಪೇಪರ್ ಬರೆದುಕೊಡಬಹುದು ಎಂದರು. ಪ್ರಶ್ನೆ ಕೇಳಲು ಸುಲಭ. ಅಕ್ಷರಗಳನ್ನೆಲ್ಲ ಸೊನ್ನೆ-ಒಂದುಗಳಲ್ಲಿ ಬರೆಯಬೇಕು, ಗೊಂದಲವಿಲ್ಲದೆ ವಾಪಸ್ ಓದಲು ಬರಬೇಕು, ಒಟ್ಟು ಉದ್ದ ಆದಷ್ಟು ಕಮ್ಮಿ ಇರಬೇಕು. ಹೇಗೆ? ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ಪೇಪರನ್ನೇ ಆರಿಸಿಕೊಂಡ. ಮೇಷ್ಟ್ರು ಒಂದು ವಿಷಯ ಹೇಳಿರಲಿಲ್ಲ. ಈ ಲೆಕ್ಕಕ್ಕೆ ಅವರೂ ಕೈ ಹಾಕಿದ್ದರು, ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಕ್ಲಾಡ್ ಶಾನನ್ ಕೂಡ ಕೈ ಹಾಕಿದ್ದರು. ಇಬ್ಬರಿಗೂ ಪೂರ್ತಿ ಬಗೆಹರಿದಿರಲಿಲ್ಲ.

ಹುಡುಗ ತಿಂಗಳುಗಟ್ಟಲೆ ಒದ್ದಾಡಿದ. ಕೊನೆಗೆ ಸಾಕಪ್ಪ ಎಂದು ಟಿಪ್ಪಣಿಗಳನ್ನು ಕಸದ ಬುಟ್ಟಿಗೆ ಹಾಕಿ ಪರೀಕ್ಷೆಗೆ ಓದಲು ಹೊರಟ. ಆಗ ಹೊಳೆಯಿತು. ಫಾನೋ ಮೇಲಿನಿಂದ ಕೆಳಗೆ ಒಡೆಯುತ್ತಾ ಹೋಗಿದ್ದರು. ಇವನು ಕೆಳಗಿನಿಂದ ಮೇಲಕ್ಕೆ ಕಟ್ಟಿದ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ. ನಾಲ್ಕು ಅಕ್ಷರಗಳಿವೆ. ಒಂದು 5 ಸಲ ಬರುತ್ತದೆ, ಇನ್ನೊಂದು 2 ಸಲ, ಉಳಿದೆರಡು ಒಂದೊಂದು ಸಲ. ಒಂದು ಸೊನ್ನೆ ಅಥವಾ ಒಂದು ಒಂದಕ್ಕೆ ಬಿಟ್ ಅನ್ನುತ್ತಾರೆ; ಎಲ್ಲಕ್ಕೂ ಎರಡೆರಡು ಬಿಟ್ ಕೊಟ್ಟರೆ ಒಟ್ಟು 18 ಬಿಟ್. ಈಗ ತೀರಾ ಕಡಿಮೆ ಬರುವ ಎರಡನ್ನು ಜೋಡಿಸಿ: 1 ಮತ್ತು 1 ಸೇರಿ 2. ಮತ್ತೆ ಚಿಕ್ಕವೆರಡನ್ನು ಜೋಡಿಸಿ: 2 ಮತ್ತು 2 ಸೇರಿ 4. ಕೊನೆಗೆ 4 ಮತ್ತು 5. ಪ್ರತಿ ಜೋಡಿಯಲ್ಲೂ ಒಂದು ಕೊಂಬೆಗೆ ಸೊನ್ನೆ, ಇನ್ನೊಂದಕ್ಕೆ ಒಂದು. ಹೆಚ್ಚು ಬರುವ ಅಕ್ಷರಕ್ಕೆ ಒಂದೇ ಬಿಟ್, ಮುಂದಿನದಕ್ಕೆ ಎರಡು, ಅಪರೂಪದವಕ್ಕೆ ಮೂರು ಮೂರು. ಒಟ್ಟು 15. ಅಷ್ಟೇ! 1952ರಲ್ಲಿ ಇದು ಪ್ರಕಟವಾಯಿತು. ಇವತ್ತು ನೀವು ಜಿಪ್ ಫೈಲ್ ಮಾಡಿದರೂ, ಜೆಪೆಗ್ ಫೋಟೋ ಕಳಿಸಿದರೂ ಒಳಗೆ ಸಾಮಾನ್ಯವಾಗಿ ಇದೇ ಕೆಲಸ ನಡೆಯುತ್ತಿರುತ್ತದೆ.

ಈಗ ಹೇಳಿ, ಇದು ಯಾವ ಪಟ್ಟಿಗೆ ಸೇರಬೇಕು? ಬಗೆಹರಿಸಿದ್ದು ವಿದ್ಯಾರ್ಥಿ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ತನ್ನಿಂದ ಆಗದ್ದನ್ನು ಕ್ಲಾಸಿನ ಮುಂದೆ ಇಟ್ಟ ಮೇಷ್ಟ್ರೂ ಒಂದು ಕೆಲಸ ಮಾಡಿದ್ದಾರೆ ಅಲ್ವಾ? ನಮ್ಮಲ್ಲಿ ಜಾಸ್ತಿ ಜನ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೊಡುತ್ತೇವೆ. ಮಾರ್ಕ್ಸ್ ಹಾಕಲು ಸುಲಭ ನೋಡಿ.

ಶಾನನ್ ಹೆಸರು ಬಂತಲ್ಲ, ಅವರೂ ಒಂದು ಕಾಲಕ್ಕೆ ವಿದ್ಯಾರ್ಥಿಯೇ. 1937ರಲ್ಲಿ, 21ರ ವಯಸ್ಸಿನಲ್ಲಿ, ಮಾಸ್ಟರ್ಸ್ ಥೀಸಿಸ್ ಬರೆದರು. ಎಂಐಟಿಯ ಮೇಷ್ಟ್ರು ವ್ಯಾನೆವರ್ ಬುಷ್ ಅವರ ದೊಡ್ಡ ಲೆಕ್ಕದ ಯಂತ್ರವನ್ನು ನಡೆಸುವ ಕೆಲಸ ಆಗ ಅವರದ್ದು. ಅದರಲ್ಲಿ ಟಕ ಟಕ ಎನ್ನುವ ರಿಲೇಗಳು, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು. ರಿಲೇ ಒಂದೋ ಮುಚ್ಚಿರುತ್ತದೆ, ಇಲ್ಲ ತೆರೆದಿರುತ್ತದೆ. ಹಿಂದೆ ಮಿಷಿಗನ್‌ನಲ್ಲಿ ಫಿಲಾಸಫಿ ಕ್ಲಾಸಿನಲ್ಲಿ ಕಲಿತಿದ್ದ ಜಾರ್ಜ್ ಬೂಲ್ ಎಂಬ ಗಣಿತಜ್ಞರ ತರ್ಕ ನೆನಪಾಯಿತು: ಒಂದೋ ನಿಜ, ಇಲ್ಲ ಸುಳ್ಳು. ಎರಡೂ ಒಂದೇ! ಡಿಜಿಟಲ್ ಸರ್ಕ್ಯೂಟ್ ವಿನ್ಯಾಸಕ್ಕೆ ಬುನಾದಿ ಬಿದ್ದದ್ದು ಇಲ್ಲಿ. ಎಂಜಿನಿಯರಿಂಗ್ ಹುಡುಗನಿಗೆ ಫಿಲಾಸಫಿ ಯಾಕೆ ಎಂದು ಯಾರಾದರೂ ತಡೆದಿದ್ದರೆ? ಸುಮ್ನೆ ಕೇಳಿದೆ.

ಎಣಿಕೆಯ ಬಗ್ಗೆಯೂ ಎರಡು ಮಾತು. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಸಂಶೋಧಕರ ಪೇಪರ್ ಅಳೆಯಲು ಎಚ್-ಇಂಡೆಕ್ಸ್ ತಂದರು. ನಿಮ್ಮ 10 ಪೇಪರ್‌ಗಳಿಗೆ ಕನಿಷ್ಠ ಹತ್ತತ್ತು ಸೈಟೇಷನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಬಂದಿದ್ದರೆ ನಿಮ್ಮ ಅಂಕಿ 10. ಬಳಸಲಿ, ಬೇಡ ಅನ್ನುವುದಿಲ್ಲ. ಆದರೆ ಫಾನೋ ಆ ಪ್ರಶ್ನೆ ಕೊಟ್ಟದ್ದಕ್ಕೆ ಅವರ ಇಂಡೆಕ್ಸ್ ಒಂದು ಚೂರೂ ಏರುವುದಿಲ್ಲ.

ಇನ್ನೊಂದು ಬಗೆಯ ಸಾಧನೆ ನನಗೆ ಬಹಳ ಇಷ್ಟ. ಉಪಗ್ರಹ ಕಟ್ಟಲು ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ವಿದ್ಯಾರ್ಥಿ ಡಿಗ್ರಿ ಮುಗಿಸಿ ಹೊರಟುಹೋಗುತ್ತಾನೆ. 1999ರಲ್ಲಿ ಸ್ಟ್ಯಾನ್‌ಫರ್ಡ್‌ನ ಬಾಬ್ ಟ್ವಿಗ್ಸ್ ಮತ್ತು ಕ್ಯಾಲ್ ಪಾಲಿ ವಿಶ್ವವಿದ್ಯಾಲಯದ ಜೋರ್ಡಿ ಪುಯಿಗ್-ಸುವಾರಿ ಎಂಬ ಮೇಷ್ಟ್ರುಗಳು ಇದಕ್ಕೆ ಒಂದು ಉಪಾಯ ಹುಡುಕಿದರು: ಉಪಗ್ರಹವನ್ನೇ ಚಿಕ್ಕದು ಮಾಡಿ. ಪ್ರತಿ ಬದಿ 10 ಸೆಂ.ಮೀ. ಇರುವ ಒಂದು ಘನ, ತೂಕ ಸುಮಾರು ಒಂದು ಕೆ.ಜಿ. ಅದೇ ಕ್ಯೂಬ್‌ಸ್ಯಾಟ್. ಇಂಥ ಮೊದಲ ಕೆಲವು ಪೆಟ್ಟಿಗೆಗಳು 2003ರಲ್ಲಿ ಹಾರಿದವು. 2018ರಲ್ಲಿ ಇದೇ ಜಾತಿಯ, ಸ್ವಲ್ಪ ದೊಡ್ಡ ಎರಡು ಪೆಟ್ಟಿಗೆಗಳು ಮಂಗಳದ ಪಕ್ಕದಲ್ಲೇ ಹಾದುಹೋದವು. ಮೇಷ್ಟ್ರುಗಳು ಇಲ್ಲಿ ಮಾಡಿದ್ದು ಒಂದು ಅಳತೆ ಗೊತ್ತು ಮಾಡಿದ್ದು. ಮುಂದಿನದನ್ನು ಎಷ್ಟೋ ಬ್ಯಾಚಿನ ಹುಡುಗ ಹುಡುಗಿಯರು ಮಾಡಿದರು.

ಅದಕ್ಕೇ ನನ್ನದೊಂದು ಕೋರಿಕೆ. ಮುಂದಿನ ವರ್ಷದ ಫಾರ್ಮಿನಲ್ಲಿ ಒಂದು ಕಾಲಂ ಸೇರಿಸಿ: ಈ ಕೆಲಸ ಯಾರ ಯಾವ ಪ್ರಶ್ನೆಯಿಂದ ಶುರುವಾಯಿತು? ತುಂಬುವುದು ತಲೆನೋವೇ. ಹಳೇ ಬ್ಯಾಚಿನವರಿಗೆ ಫೋನ್ ಮಾಡಬೇಕಾಗಬಹುದು. "ಸರ್ಕ್ಯೂಟ್ ಸರಿಯಾಗಿದೆ ಕಣಪ್ಪ, ಪ್ರೋಬ್ ಹೋಗಿದೆ, ಬದಲಾಯಿಸಿ ನೋಡು" ಎಂದು ಸಂಜೆ ಆರು ಗಂಟೆಗೆ ಹೇಳಿದ ಲ್ಯಾಬ್ ಸಹಾಯಕರ ಹೆಸರೂ ಅಲ್ಲಿ ಬರಬಹುದು. ಬರಲಿ. ಜಾಗ ಸಾಲದಿದ್ದರೆ ಹಿಂದೆ ಒಂದು ಹಾಳೆ ಪಿನ್ ಮಾಡೋಣ.