ಮನೆ ನಿಮ್ಮದೇ, ಆದರೆ ವಾಸ ಇಲ್ಲೇ ಮಾಡಬೇಕು

ನಮಸ್ಕಾರ ಕೇಳುಗರೇ. ಮನೆ ಕೊಂಡಿದ್ದೀರಿ, ದುಡ್ಡನ್ನೂ ಪೂರ್ತಿ ಕಟ್ಟಿದ್ದೀರಿ ಅಂದುಕೊಳ್ಳಿ. ಒಂದು ದಿನ ಕೌನ್ಸಿಲ್‌ನವರು, ಅಂದರೆ ಸ್ಥಳೀಯ ಆಡಳಿತದವರು, ಕೇಳುತ್ತಾರೆ: "ನೀವು ನಿಜವಾಗಿ ಇಲ್ಲೇ ಇದ್ದೀರಾ? ಇಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿದೆಯಾ? ಯಾವ ಡಾಕ್ಟರ ಹತ್ತಿರ ಹೋಗುತ್ತೀರಿ? ಮಕ್ಕಳ ಶಾಲೆ ಯಾವುದು?"

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಸೇಂಟ್ ಐವ್ಸ್ ಅಂತ ಒಂದು ಕಡಲೂರಿದೆ. ಅಲ್ಲಿ ಈಗ ಹೊಸ ಮನೆ ಕೊಳ್ಳುವವರು ಇಂಥ ಪ್ರಶ್ನೆಗೆ ದಾಖಲೆ ಇಟ್ಟುಕೊಂಡಿರಬೇಕು.

ಯಾಕೆ ಹೀಗೆ? ರಜೆಗೆ ಬಂದು ಹೋಗುವವರ ಮನೆಗಳು ಊರನ್ನೇ ತುಂಬಿಬಿಟ್ಟಿದ್ದವು. 2011ರ ಹೊತ್ತಿಗೆ ನಾಲ್ಕರಲ್ಲಿ ಒಂದು ಮನೆಯಲ್ಲಿ ಖಾಯಂ ವಾಸ ಇರಲಿಲ್ಲ. ಅದರ ಹಿಂದಿನ ಹತ್ತು ವರ್ಷಗಳಲ್ಲಿ 684 ಮನೆ ಹೆಚ್ಚಾದವು, ಜನ ಹೆಚ್ಚಾಗಿದ್ದು ಬರೀ 270! 2016ರ ಮೇ ತಿಂಗಳಲ್ಲಿ ಊರಿನವರು ವೋಟು ಹಾಕಿದರು. ಹೊಸ ಮನೆ ಖಾಯಂ ವಾಸಕ್ಕೆ ಮಾತ್ರ ಅಂತ ನೂರಕ್ಕೆ 83 ಮಂದಿ ಹೇಳಿದರು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರು ಆ ವರ್ಷವೇ ಸೋತರು.

ಸರಿ, ಈ ಷರತ್ತನ್ನು ಮನೆಗೆ ಕಟ್ಟಿಹಾಕುವುದು ಹೇಗೆ? ಒಂದು ದಾರಿ, 1990ರ ಯೋಜನಾ ಕಾಯ್ದೆಯ 106ನೇ ಸೆಕ್ಷನ್. ಕಟ್ಟಡಕ್ಕೆ ಅನುಮತಿ ಬೇಕಾದ ಜಮೀನಿನ ಮಾಲೀಕರು ಕೌನ್ಸಿಲ್ ಜೊತೆ ಕರಾರು ಪತ್ರಕ್ಕೆ ಸಹಿ ಹಾಕುತ್ತಾರೆ. ಅದು ಜಮೀನಿನ ಮೇಲಿನ ಹೊರೆಗಳ ದಾಖಲೆ ಪುಸ್ತಕಕ್ಕೆ ಸೇರುತ್ತದೆ. ಸಹಿ ಹಾಕಿದವರು ಮಾರಿ ಹೊರಟುಹೋದರೂ ಕೊಟ್ಟ ಮಾತು ನೆಲದಲ್ಲೇ ಇರುತ್ತದೆ. ಆಮೇಲೆ ಕೊಂಡವರಿಗೂ ಅದು ಅಂಟಿಕೊಳ್ಳುತ್ತದೆ. ಮುರಿದರೆ ಕೌನ್ಸಿಲ್ ಕೋರ್ಟಿನಿಂದ ತಡೆ ತರಬಹುದು. ಐದು ವರ್ಷ ಕಳೆದ ಮೇಲೆ, "ಇದರಿಂದ ಈಗ ಉಪಯೋಗ ಇಲ್ಲ, ತೆಗೆದುಬಿಡಿ" ಅಂತ ಅರ್ಜಿ ಹಾಕಲು ಅವಕಾಶ ಇದೆ. ತೆಗೆಯಲೇಬೇಕು ಅಂತೇನಿಲ್ಲ.

ಇಂಗ್ಲೆಂಡಿನಲ್ಲಿ ಮನೆ ನೋಡುತ್ತಿರುವ ನಮ್ಮವರಿಗೆ ಒಂದು ಮಾತು. ಊರಲ್ಲಿ ಸೈಟು ಕೊಳ್ಳುವ ಮುಂಚೆ ಇ.ಸಿ. ತೆಗೆಸುತ್ತೀರಿ ಅಲ್ವಾ? ಅಲ್ಲಿ ವಕೀಲರು 'ಲೋಕಲ್ ಸರ್ಚ್' ಮಾಡಿಸುತ್ತಾರೆ. ಆ ಕಾಗದ ಬಂದಾಗ ಸುಮ್ನೆ ಮಡಚಿ ಇಡಬೇಡಿ. ಸೆಕ್ಷನ್ 106 ಅಂತ ಕಂಡರೆ ಕರಾರು ಪತ್ರವನ್ನೇ ತರಿಸಿ ಓದಿ.

ಸೇಂಟ್ ಐವ್ಸ್‌ನವರ ಹಟ ನನಗೆ ಇಷ್ಟವೇ. ಆದರೆ ಒಂದು ಕಿಂಡಿ ಉಳಿದಿದೆ. ನಿಯಮ ಇರುವುದು ಹೊಸ ಮನೆಗೆ ಮಾತ್ರ. ಬಂದರಿನ ಪಕ್ಕ ಡೌನಲಾಂಗ್ ಅಂತ ಹಳೆಯ ಮೀನುಗಾರರ ಓಣಿಗಳಿವೆ. ಆ ಪುಟ್ಟ ಕಲ್ಲಿನ ಮನೆಗಳಿಗೆ ಈ ಕರಾರು ತಗಲುವುದಿಲ್ಲ. ದುಡ್ಡಿರುವವರು ಈಗ ಅವುಗಳ ಬಾಗಿಲನ್ನೇ ತಟ್ಟಬಹುದು.